ಏಪ್ರಿಲ್ 14ರ ಮಾರನೇ ದಿನ: ಜಾಕಿ ರಾಬಿನ್ಸನ್ ಮತ್ತು 42ನೇ ನಂಬರು

ಉದ್ದದ ಪೋಸ್ಟು ಇದು, ಬಿಡುವಾದಾಗ ಓದಿ.

ನಿನ್ನೆ ಏಪ್ರಿಲ್ 14. ಬಾಬಾಸಾಹೇಬರ ಜಯಂತಿ. ಊರೂರಲ್ಲಿ ನೀಲಿ ಬಾವುಟ, ತಮಟೆ, ಮೆರವಣಿಗೆ ಎಲ್ಲ ಆಯ್ತು. ಇವತ್ತು ಏಪ್ರಿಲ್ 15. ಇವತ್ತಿನ ದಿನ ಅಮೆರಿಕದಲ್ಲಿ ಒಂದು ವಿಶೇಷ ನಡೆಯುತ್ತೆ. ಅಲ್ಲಿನ ಅತಿ ದೊಡ್ಡ ಬೇಸ್‌ಬಾಲ್ ಲೀಗಿನ, ಅಂದ್ರೆ ಮೇಜರ್ ಲೀಗಿನ, ಎಲ್ಲ ತಂಡಗಳ ಎಲ್ಲ ಆಟಗಾರರೂ ಒಂದೇ ನಂಬರಿನ ಜರ್ಸಿ ಹಾಕ್ತಾರೆ. 42. ಉಳಿದ ದಿನಗಳಲ್ಲಿ ಆ ನಂಬರನ್ನು ಯಾರೂ ಹಾಕುವಂತಿಲ್ಲ. 1997ರಲ್ಲೇ ಅದನ್ನು ಇಡೀ ಲೀಗಿನಿಂದ ನಿವೃತ್ತಿ ಮಾಡಿಬಿಟ್ಟಿದ್ದಾರೆ. ಒಬ್ಬ ಆಟಗಾರನ ನಂಬರನ್ನು ಅವನ ತಂಡ ಮಾತ್ರವಲ್ಲ, ಎಲ್ಲ ತಂಡಗಳೂ ಸೇರಿ ಎತ್ತಿಟ್ಟದ್ದು ಆ ಆಟದಲ್ಲಿ ಅದೊಂದೇ ಸಲ.

ಆ ನಂಬರು ಜಾಕಿ ರಾಬಿನ್ಸನ್‌ದು. 1947ರ ಏಪ್ರಿಲ್ 15ರಂದು, ಅರವತ್ತು ವರ್ಷಕ್ಕೂ ಮೀರಿ ಮುಚ್ಚಿದ್ದ ಬಾಗಿಲನ್ನು ದಾಟಿ ಬಿಳಿಯರ ಮೈದಾನಕ್ಕೆ ಇಳಿದ ಕಪ್ಪು ಆಟಗಾರ. ಈ ಕತೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. 2013ರಲ್ಲಿ ‘42’ ಅಂತಲೇ ಸಿನಿಮಾ ಬಂದಿದೆ. ಆದರೆ ನನಗೆ ಇವತ್ತು ಹೇಳಬೇಕಿರೋದು ಬೇರೆ. ಒಬ್ಬ ಮನುಷ್ಯನನ್ನು ನೆನಪಿಟ್ಟುಕೊಳ್ತಾ ನೆನಪಿಟ್ಟುಕೊಳ್ತಾ ಅವನು ಕೇಳಿದ್ದನ್ನು ಹೇಗೆ ಮರೆಸಿಬಿಡ್ತಾರೆ ಅನ್ನೋದು. ಇದು ನಮಗೆ ಗೊತ್ತಿಲ್ಲದ ವಿದ್ಯೆ ಅಲ್ಲ.

ಮೊದಲು ಆ ಬಾಗಿಲು ಮುಚ್ಚಿದ್ದು ಹೇಗೆ ಅಂತ ನೋಡಿ.

1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಅನ್ನುವ ಕಪ್ಪು ಆಟಗಾರ ಟೊಲೆಡೊ ತಂಡದಲ್ಲಿ, ಆಗಿನ ದೊಡ್ಡ ಲೀಗಿನಲ್ಲೇ ಆಡಿದ್ದ. ಅಂದ್ರೆ ಜಾಕಿಗಿಂತ ಮುಂಚೆಯೂ ಕಪ್ಪು ಜನ ಆಡಿದ್ದರು. ಆಮೇಲೆ ಬಿಳಿಯ ಆಟಗಾರರು ‘ಇವರ ಜೊತೆ ಆಡಲ್ಲ’ ಅಂದರು, ಮಾಲೀಕರು ತಲೆಯಾಡಿಸಿದರು. ಕಪ್ಪು ಜನರನ್ನು ಸೇರಿಸಬಾರದು ಅಂತ ಮೇಜರ್ ಲೀಗಿನ ನಿಯಮದ ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ. ಯಾರೂ ಸೇರಿಸ್ತಿರಲಿಲ್ಲ, ಅಷ್ಟೇ. ಇದಕ್ಕೆ ಅವರು ಇಟ್ಟ ಹೆಸರು ‘ಸಭ್ಯರ ಒಪ್ಪಂದ’. ಹೋಟೆಲಿನ ಎರಡನೇ ಲೋಟ ಯಾವ ಸರ್ಕಾರಿ ಆದೇಶದಲ್ಲಿತ್ತು ಹೇಳಿ? ಬರೆಯದ ಕಾನೂನನ್ನು ಮುರಿಯೋದು ಬರೆದ ಕಾನೂನನ್ನು ಮುರಿಯೋದಕ್ಕಿಂತ ಕಷ್ಟ. ಯಾಕಂದ್ರೆ ಅಂಥ ಕಾನೂನೇ ಇಲ್ಲ ಅಂತ ಎಲ್ಲರೂ ಹೇಳ್ತಾರೆ.

ಬಾಗಿಲು ಮುಚ್ಚಿದಾಗ ಕಪ್ಪು ಜನ ಸುಮ್ಮನೆ ಕೂರಲಿಲ್ಲ. 1920ರಲ್ಲಿ ರೂಬ್ ಫಾಸ್ಟರ್ ಎಂಬ ಆಟಗಾರ, ತಂಡದ ಮಾಲೀಕ, ಕಾನ್ಸಾಸ್ ಸಿಟಿಯಲ್ಲಿ ಸಭೆ ಕರೆದು ತಮ್ಮದೇ ಲೀಗ್ ಕಟ್ಟಿದ. ಅದೇ ನೀಗ್ರೋ ಲೀಗ್. ತಮ್ಮದೇ ತಂಡ, ತಮ್ಮದೇ ಪತ್ರಿಕೆ, ತಮ್ಮದೇ ತಾರೆಯರು. ಜೋಶ್ ಗಿಬ್ಸನ್ ಥರದ ಬ್ಯಾಟಿಂಗ್, ಸ್ಯಾಚೆಲ್ ಪೇಜ್ ಥರದ ಪಿಚಿಂಗ್ ಬಿಳಿಯರ ಲೀಗಿನಲ್ಲೂ ಸುಲಭಕ್ಕೆ ಸಿಗ್ತಿರಲಿಲ್ಲ. ಆಟದಲ್ಲಿ ಚುರುಕು, ಓಟ, ಧೈರ್ಯ. ಜಾಕಿ ಆಮೇಲೆ ಬಿಳಿಯರ ಮೈದಾನಕ್ಕೆ ಹೊತ್ತೊಯ್ದದ್ದು ಈ ಆಟವನ್ನೇ. ಇದನ್ನು ನೆನಪಿಟ್ಟುಕೊಳ್ಳಿ.

ಜಾಕಿ ಹುಟ್ಟಿದ್ದು 1919ರ ಜನವರಿ 31, ಜಾರ್ಜಿಯಾ ರಾಜ್ಯದ ಕೈರೋ ಅನ್ನೋ ಊರಿನ ಹತ್ತಿರ. ಬಿಳಿಯನ ಹೊಲದಲ್ಲಿ ಪಾಲಿಗೆ ದುಡಿಯುವ ಕುಟುಂಬ. ಐದು ಮಕ್ಕಳಲ್ಲಿ ಕೊನೆಯವನು. ಅಪ್ಪ ಮನೆ ಬಿಟ್ಟು ಹೋದ. ತಾಯಿ ಮ್ಯಾಲಿ 1920ರಲ್ಲಿ ಐದೂ ಮಕ್ಕಳನ್ನು ಕಟ್ಟಿಕೊಂಡು ರೈಲು ಹತ್ತಿ, ದೇಶದ ಆ ತುದಿಗೆ, ಕ್ಯಾಲಿಫೋರ್ನಿಯಾದ ಪಸಡೇನಾಗೆ ಬಂದಳು. ಬಿಳಿಯರ ಮನೆಗಳಲ್ಲಿ ಕೆಲಸ ಮಾಡಿ ಸಾಕಿದಳು.

ಪಸಡೇನಾದಲ್ಲಿ ಊರಿನ ಸಾರ್ವಜನಿಕ ಈಜುಕೊಳ ಇತ್ತು. ಕಪ್ಪು ಜನಕ್ಕೆ ವಾರದಲ್ಲಿ ಒಂದೇ ದಿನ ಪ್ರವೇಶ. ಆ ದಿನ ಮುಗಿದ ಮೇಲೆ ನೀರನ್ನೆಲ್ಲ ಹೊರಬಿಟ್ಟು, ಕೊಳ ತೊಳೆದು, ಹೊಸ ನೀರು ತುಂಬಿಸ್ತಿದ್ದರು. ಓದಿದಾಗ ನನಗೆ ಒಂದು ಗಳಿಗೆ ಕೈಕಾಲು ಆಡಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌಡಾರ್ ಕೆರೆಯ ನೀರು ಮುಟ್ಟಿದ ಮೇಲೆ ಸವರ್ಣೀಯರು ಸಗಣಿ, ಗಂಜಲ ಸುರಿದು ಆ ಕೆರೆಯನ್ನು ‘ಶುದ್ಧ’ ಮಾಡಿದ್ದರಲ್ಲ, ಹೆಚ್ಚುಕಮ್ಮಿ ಅದೇ ಕಾಲದಲ್ಲಿ ಜಾಕಿ ಆ ಊರಿನಲ್ಲಿ ಬೆಳೀತಿದ್ದ ಹುಡುಗ. ನೀರಿನ ವಿಷಯಕ್ಕೆ ಬಂದಾಗ ಎರಡು ದೇಶದ ಮೇಲಿನವರ ಬುದ್ಧಿ ಒಂದೇ ಥರ ಓಡುತ್ತೆ.

ಜಾಕಿಯ ಅಣ್ಣ ಮ್ಯಾಕ್ ರಾಬಿನ್ಸನ್. 1936ರ ಬರ್ಲಿನ್ ಒಲಿಂಪಿಕ್ಸ್, ಹಿಟ್ಲರನ ಕಣ್ಣೆದುರಿಗೆ ನಡೆದ ಒಲಿಂಪಿಕ್ಸ್. 200 ಮೀಟರ್ ಓಟದಲ್ಲಿ ಜೆಸ್ಸಿ ಓವೆನ್ಸ್‌ಗೆ ಚಿನ್ನ, ಮ್ಯಾಕ್‌ಗೆ ಬೆಳ್ಳಿ. ಊರಿಗೆ ವಾಪಸ್ ಬಂದವನಿಗೆ ಸಿಕ್ಕ ಕೆಲಸ ಏನು ಗೊತ್ತಾ? ಬೀದಿ ಗುಡಿಸೋದು. ಒಲಿಂಪಿಕ್ಸಿನ ಜಾಕೆಟ್ ಹಾಕ್ಕೊಂಡೇ ಆತ ಪಸಡೇನಾದ ಬೀದಿ ಗುಡಿಸಿದ. ಕೆಲವು ಬಿಳಿಯರಿಗೆ ಅದೂ ಕೊಬ್ಬಾಗಿ ಕಂಡಿತು. ಪೌರಕಾರ್ಮಿಕರ ಮನೆಯಲ್ಲಿ ಡಿಗ್ರಿ ಸರ್ಟಿಫಿಕೇಟು ಗೋಡೆಗೆ ತೂಗಿಹಾಕಿ, ಬೆಳಗಿನ ಜಾವ ಪೊರಕೆ ಹಿಡಿದು ಹೊರಡೋ ಹುಡುಗರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಾಕಿ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಫುಟ್‌ಬಾಲ್, ಅಥ್ಲೆಟಿಕ್ಸ್, ನಾಲ್ಕರಲ್ಲೂ ತಂಡದಲ್ಲಿದ್ದ. ಆಮೇಲೆ ಯುದ್ಧ. 1942ರಲ್ಲಿ ಸೈನ್ಯ ಸೇರಿದ, ಸೆಕೆಂಡ್ ಲೆಫ್ಟಿನೆಂಟ್ ಆದ.

ಈಗ ಮುಖ್ಯ ವಿಷಯ. 1944ರ ಜುಲೈ 6. ಟೆಕ್ಸಾಸಿನ ಕ್ಯಾಂಪ್ ಹುಡ್ ಸೇನಾ ಶಿಬಿರ. ಶಿಬಿರದ ಬಸ್ಸಿನಲ್ಲಿ ಜಾಕಿ ಕೂತಿದ್ದ. ಡ್ರೈವರ್ ಹಿಂದೆ ಹೋಗು ಅಂದ. ಜಾಕಿ ಏಳಲಿಲ್ಲ. ಸೇನೆಯ ಬಸ್ಸಿನಲ್ಲಿ ಬೇರೆ ಬೇರೆ ಕೂರಿಸುವಂತಿಲ್ಲ ಅನ್ನೋ ಆದೇಶ ಅವನಿಗೆ ಗೊತ್ತಿತ್ತು. ಮಾತಿಗೆ ಮಾತು ಬೆಳೆಯಿತು, ಮಿಲಿಟರಿ ಪೊಲೀಸ್ ಬಂದರು. ಆಗಸ್ಟಿನಲ್ಲಿ ಕೋರ್ಟ್ ಮಾರ್ಷಲ್ ವಿಚಾರಣೆ ನಡೀತು. ಆರೋಪ ಏನು? ಮೇಲಧಿಕಾರಿಗೆ ಅಗೌರವ ತೋರಿದ್ದು, ಆದೇಶ ಮೀರಿದ್ದು. ಬಸ್ಸಿನ ವಿಷಯ ಆರೋಪದಲ್ಲೇ ಇಲ್ಲ! ಫೈಲು ಬರೆಯೋ ಕೆಲಸ ಮಾಡುವ ನನಗೆ ಈ ಜಾಣತನ ಚೆನ್ನಾಗಿ ಗೊತ್ತು. ಜಗಳದ ಮೂಲ ಬಿಟ್ಟು, ನೀನು ದನಿ ಎತ್ತಿದ್ದನ್ನು ಮಾತ್ರ ನೋಟಿಸಿನಲ್ಲಿ ಬರೆಯೋದು. ಜಾಕಿ ನಿರ್ದೋಷಿ ಅಂತ ತೀರ್ಪಾಯಿತು. ರೋಸಾ ಪಾರ್ಕ್ಸ್ ಮಾಂಟ್‌ಗೊಮರಿಯ ಬಸ್ಸಿನಲ್ಲಿ ಸೀಟು ಬಿಡದೆ ಕೂತದ್ದು 1955ರ ಡಿಸೆಂಬರಿನಲ್ಲಿ. ಅದಕ್ಕೂ 11 ವರ್ಷ ಮೊದಲಿನ ಕತೆ ಇದು.

ಅಂದ್ರೆ ಜಾಕಿ ಸಹಿಸಿಕೊಳ್ಳೋ ಸ್ವಭಾವದವನೇ ಅಲ್ಲ. ಆದರೆ ಜಗತ್ತು ಅವನನ್ನು ನೆನಪಿಟ್ಟಿರೋದೇ ‘ಸಹಿಸಿಕೊಂಡವನು’ ಅಂತ. ಇದು ಹೇಗಾಯ್ತು?

1945ರಲ್ಲಿ ಜಾಕಿ ನೀಗ್ರೋ ಲೀಗಿನ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡದಲ್ಲಿ ಆಡ್ತಿದ್ದ. ಆಗಸ್ಟ್ 28ರಂದು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಮುಖ್ಯಸ್ಥ ಬ್ರಾಂಚ್ ರಿಕಿ ಕರೆಸಿಕೊಂಡ. ಮೈದಾನದಲ್ಲಿ ನಿನಗೆ ಏನೆಲ್ಲ ಬೈಗುಳ ಬೀಳಬಹುದು ಅಂತ ತಾನೇ ಬೈದು ತೋರಿಸಿದ. ತಿರುಗಿ ಹೊಡೆಯದೆ ಇರೋ ಎದೆಗಾರಿಕೆ ಬೇಕು ಅಂದ. ಜಾಕಿ ಒಪ್ಪಿದ. ಅದು ಒಂದು ತಂತ್ರವಾಗಿತ್ತು, ಸ್ವಲ್ಪ ಕಾಲದ ಒಪ್ಪಂದವಾಗಿತ್ತು. ಒಬ್ಬ ತಿರುಗಿ ಹೊಡೆದರೆ ‘ನೋಡಿದ್ರಾ, ಇವರೇ ಹೀಗೆ’ ಅಂತ ಬಾಗಿಲು ಮತ್ತೆ ಮುಚ್ಚೋಕೆ ಕಾಯ್ತಿದ್ದವರು ಬಹಳ ಜನ ಇದ್ದರು.

ಸಿನಿಮಾಗಳಲ್ಲಿ ರಿಕಿಯನ್ನು ಉದ್ಧಾರಕನ ಥರ ತೋರಿಸ್ತಾರೆ. ಆತನಿಗೆ ಮನಸ್ಸಾಕ್ಷಿ ಇರಲಿಲ್ಲ ಅಂತ ನಾನು ಹೇಳಲ್ಲ. ಆದರೆ ಬಾಗಿಲು ತಟ್ಟಿದವರು ಬೇರೆ ಇದ್ದರು. ‘ಪಿಟ್ಸ್‌ಬರ್ಗ್ ಕೊರಿಯರ್’ ಪತ್ರಿಕೆಯ ವೆಂಡೆಲ್ ಸ್ಮಿತ್, ಸ್ಯಾಮ್ ಲೇಸಿ ಥರದ ಕಪ್ಪು ಪತ್ರಕರ್ತರು ವರ್ಷಾನುಗಟ್ಟಲೆ ಬರೆದರು. ಕಮ್ಯುನಿಸ್ಟರ ಪತ್ರಿಕೆ ‘ಡೈಲಿ ವರ್ಕರ್’ ಬರೆಯಿತು. ಕೆಲಸ ಕೊಡುವಾಗ ಜನಾಂಗ ಭೇದ ಮಾಡಬಾರದು ಅಂತ 1945ರಲ್ಲಿ ನ್ಯೂಯಾರ್ಕ್ ರಾಜ್ಯ ಕಾನೂನು ಮಾಡಿತು. ಬ್ರೂಕ್ಲಿನ್ ಇರೋದು ಆ ರಾಜ್ಯದಲ್ಲೇ. ಇಷ್ಟೆಲ್ಲ ಆದಮೇಲೆ ಒಬ್ಬ ಬಿಳಿಯ ಯಜಮಾನ ಬಾಗಿಲು ತೆಗೆದ. ಟಿಕೆಟ್ ಮಾರಾಟದ ಲೆಕ್ಕವೂ ಅವನ ತಲೆಯಲ್ಲಿತ್ತು. ಇನ್ನೊಂದು ಮಾತು. ಜಾಕಿಯನ್ನು ಕರೆದುಕೊಂಡದ್ದಕ್ಕೆ ಮೊನಾರ್ಕ್ಸ್ ತಂಡಕ್ಕೆ ಆತ ಒಂದು ಕಾಸೂ ಕೊಡಲಿಲ್ಲ.

1946ರಲ್ಲಿ ಮಾಂಟ್ರಿಯಲ್‌ನ ಕಿರಿಯ ತಂಡ. 1947ರ ಏಪ್ರಿಲ್ 15, ಬ್ರೂಕ್ಲಿನ್‌ನ ಎಬೆಟ್ಸ್ ಫೀಲ್ಡ್ ಮೈದಾನ. ಸೇರಿದ್ದ ಜನದಲ್ಲಿ ಅರ್ಧಕ್ಕೂ ಹೆಚ್ಚು ಕಪ್ಪು ಜನ ಅಂತ ಅಂದಾಜು. ಹೆಂಡತಿ ರೇಚಲ್ ಕೈಗೂಸನ್ನು ಎತ್ತಿಕೊಂಡು ಕೂತಿದ್ದರು. ಜಾಕಿಗೆ 28 ವರ್ಷ. ಅವತ್ತು ಬ್ಯಾಟಿನಿಂದ ಒಂದು ಹಿಟ್ಟೂ ಬರಲಿಲ್ಲ. ಆದರೆ ಎದುರು ತಂಡದ ತಪ್ಪಿನಿಂದ ಬೇಸ್ ಮುಟ್ಟಿ, ಓಡಿ ಒಂದು ರನ್ ತೆಗೆದ. ಡಾಡ್ಜರ್ಸ್ 5-3ರಿಂದ ಗೆದ್ದರು. ದೊಡ್ಡ ಪವಾಡ ಏನೂ ನಡೀಲಿಲ್ಲ, ಒಬ್ಬ ಮನುಷ್ಯ ತನ್ನ ಕೆಲಸಕ್ಕೆ ಹೋಗಿ ಬಂದ. ಅಷ್ಟಕ್ಕೇ ಚರಿತ್ರೆ ಅಲುಗಾಡಿತು.

ಒಂದು ವಾರಕ್ಕೆ ಫಿಲಡೆಲ್ಫಿಯಾ ತಂಡ ಬಂತು. ಅದರ ಮ್ಯಾನೇಜರ್ ಬೆನ್ ಚಾಪ್‌ಮನ್ ತನ್ನ ಆಟಗಾರರನ್ನು ಕಟ್ಟಿಕೊಂಡು ಮೈದಾನದ ಅಂಚಿನಿಂದ ಬಾಯಿಗೆ ಬಂದಂತೆ ಬೈದ. ಆ ಮಾತುಗಳನ್ನು ನಾನಿಲ್ಲಿ ಬರೆಯಲ್ಲ. ನಿಮಗೂ ಬೇಕಾಗಿಲ್ಲ, ನಮ್ಮ ಭಾಷೆಯ ಆವೃತ್ತಿ ನಾವೆಲ್ಲ ಕೇಳಿದ್ದೀವಿ. ಫಿಲಡೆಲ್ಫಿಯಾಗೆ ಹೋದಾಗ ಹೋಟೆಲಿನವರು ರೂಮು ಕೊಡಲಿಲ್ಲ. ಕೊಲೆ ಬೆದರಿಕೆಯ ಕಾಗದಗಳು ಬಂದವು. ಮುಳ್ಳಿನ ಬೂಟಿನಿಂದ ಕಾಲು ತುಳಿದರು. ಜಾಕಿ ಮಾತಿನಂತೆ ನಡೆದ, ತಿರುಗಿ ಹೊಡೆಯಲಿಲ್ಲ. ಆದರೆ ಉತ್ತರ ಕೊಡದೆ ಇರಲೂ ಇಲ್ಲ.

ಬೇಸ್‌ಬಾಲಿನಲ್ಲಿ ‘ಬೇಸ್ ಕದಿಯೋದು’ ಅಂತ ಇದೆ. ಪಿಚರ್ ಬ್ಯಾಟುಗಾರನಿಗೆ ಚೆಂಡು ಎಸೆಯೋ ಹೊತ್ತಿಗೆ, ಬ್ಯಾಟಿಗೆ ಚೆಂಡು ತಾಗಲಿ ಬಿಡಲಿ, ಓಟಗಾರ ಮುಂದಿನ ಬೇಸಿಗೆ ನುಗ್ಗಿಬಿಡೋದು. ಜಾಕಿ ಬೇಸ್ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದು ಕುಣೀತಿದ್ದ, ಪಿಚರ್‌ನ ಕೈ ನಡುಗಿಸ್ತಿದ್ದ. ಕೊನೆಯ ಬೇಸನ್ನೇ, ಅಂದ್ರೆ ‘ಹೋಮ್’ ಅನ್ನೇ, ಕದಿಯೋದು ಎಲ್ಲಕ್ಕಿಂತ ಕಷ್ಟ. ಯಾಕಂದ್ರೆ ಚೆಂಡು ಹೋಗೋದೂ ಅಲ್ಲಿಗೇ. ಜಾಕಿ ತನ್ನ ಹತ್ತು ವರ್ಷದಲ್ಲಿ 19 ಸಲ ಹೋಮ್ ಕದ್ದ. 1955ರ ವರ್ಲ್ಡ್ ಸೀರೀಸಿನ ಮೊದಲ ಪಂದ್ಯದಲ್ಲೂ, 36ನೇ ವಯಸ್ಸಿನಲ್ಲಿ. ಇದು ನೀಗ್ರೋ ಲೀಗಿನ ಆಟ. ಬಾಯಿ ಮುಚ್ಚಿಸಿದ್ದರು, ಕಾಲು ಕಟ್ಟೋಕಾಗಲಿಲ್ಲ.

1947ರಲ್ಲೇ ‘ವರ್ಷದ ಹೊಸ ಆಟಗಾರ’ ಪ್ರಶಸ್ತಿ ಬಂತು. ಆ ಪ್ರಶಸ್ತಿಗೆ ಈಗ ಜಾಕಿಯದೇ ಹೆಸರು. 1949ರ ಹೊತ್ತಿಗೆ ಸುಮ್ಮನಿರುವ ಒಪ್ಪಂದ ಮುಗೀತು. ಆ ವರ್ಷ ಬ್ಯಾಟಿಂಗ್ ಸರಾಸರಿ .342, ಕದ್ದ ಬೇಸು 37, ಲೀಗಿನ ಅತ್ಯುತ್ತಮ ಆಟಗಾರ. ಅಂಪೈರ್ ತಪ್ಪು ಮಾಡಿದರೆ ಕೇಳಿದ, ಬೈದವರಿಗೆ ತಿರುಗಿ ಹೇಳಿದ. ತಕ್ಷಣ ಪತ್ರಿಕೆಗಳ ರಾಗ ಬದಲಾಯ್ತು. ನಿನ್ನೆವರೆಗೂ ಸಂಭಾವಿತ, ಇವತ್ತು ಅಹಂಕಾರಿ, ಜಗಳಗಂಟ. ತಲೆ ತಗ್ಗಿಸಿದ್ದಾಗ ‘ಎಷ್ಟು ಒಳ್ಳೆ ಹುಡುಗ’, ತಲೆ ಎತ್ತಿದ ದಿನ ‘ಈಗೀಗ ಇವನಿಗೆ ಹೆಚ್ಚಾಯ್ತು’. ಆಫೀಸಿನಲ್ಲಿ, ಊರಿನಲ್ಲಿ ಈ ಮಾತು ಕೇಳದವರು ನಮ್ಮಲ್ಲಿ ಯಾರಿದ್ದಾರೆ?

ಬ್ರೂಕ್ಲಿನ್‌ನ ಕೋನಿ ಐಲ್ಯಾಂಡಿನಲ್ಲಿ ಒಂದು ಪ್ರತಿಮೆ ಇದೆ, 2005ರದ್ದು. ಬಿಳಿಯ ಸಹ ಆಟಗಾರ ಪೀ ವೀ ರೀಸ್ ಜಾಕಿಯ ಹೆಗಲ ಮೇಲೆ ಕೈ ಹಾಕಿ ನಿಂತಿರೋದು. ಚೆನ್ನಾಗಿದೆ, ಇಬ್ಬರೂ ನಿಜವಾಗಿ ಸ್ನೇಹಿತರು. ಆದರೆ ನಾಡಿಗೆ ಪ್ರಿಯವಾದ ಚಿತ್ರ ಯಾವುದು ನೋಡಿ. ಬಸ್ಸಿನಲ್ಲಿ ಏಳದೆ ಕೂತ ಲೆಫ್ಟಿನೆಂಟ್ ಅಲ್ಲ. ಬಿಳಿಯ ಕೈ ಹೆಗಲ ಮೇಲಿರೋ ಜಾಕಿ.

ಜಾಕಿಯನ್ನು ನಾನು ದೇವರು ಮಾಡೋಕೆ ಹೊರಟಿಲ್ಲ. 1949ರ ಜುಲೈಯಲ್ಲಿ ಸಂಸತ್ತಿನ ಸಮಿತಿಯೊಂದು ಜಾಕಿಯನ್ನು ಕರೆಸಿ, ಮಹಾನ್ ಗಾಯಕ, ಹೋರಾಟಗಾರ ಪಾಲ್ ರಾಬ್ಸನ್ ವಿರುದ್ಧ ಮಾತಾಡಿಸಿತು. ಜನಾಂಗ ಭೇದವನ್ನೂ ಜಾಕಿ ಅಲ್ಲೇ ಖಂಡಿಸಿದ. ಆದರೆ ಪತ್ರಿಕೆಗಳು ಎತ್ತಿ ಹಿಡಿದದ್ದು ರಾಬ್ಸನ್ ವಿರುದ್ಧದ ಮಾತನ್ನು ಮಾತ್ರ. ನಮ್ಮವನೊಬ್ಬನ ಮೇಲೆ ನಮ್ಮವನನ್ನೇ ಬಿಡೋದು ಹಳೇ ಆಟ. 1960ರಲ್ಲಿ ನಿಕ್ಸನ್‌ನನ್ನು ಬೆಂಬಲಿಸಿದ. ಈ ಎರಡರ ಬಗ್ಗೆಯೂ ಕೊನೆಗಾಲದಲ್ಲಿ ತಾನೇ ಮರುಯೋಚನೆ ಮಾಡಿ ಬರೆದ. ತಪ್ಪು ಒಪ್ಪಿಕೊಳ್ಳೋ ಹೀರೋಗಳು ನಮಗೆ ಬೇಕು.

ಇನ್ನು ಪರಂಪರೆಯ ಲೆಕ್ಕ. ಜಾಕಿ ಆಡಿದ ಮೂರೇ ತಿಂಗಳಿಗೆ ಲ್ಯಾರಿ ಡೋಬಿ ಕ್ಲೀವ್‌ಲ್ಯಾಂಡ್ ತಂಡಕ್ಕೆ ಬಂದ. ಆಮೇಲೆ ವಿಲ್ಲಿ ಮೇಸ್, ಹ್ಯಾಂಕ್ ಆರನ್. 1948ರ ಜುಲೈಯಲ್ಲಿ ಅಧ್ಯಕ್ಷ ಟ್ರೂಮನ್ ಸೈನ್ಯದಲ್ಲಿ ಭೇದ ಕೂಡದು ಅಂತ ಆದೇಶ ಹೊರಡಿಸಿದರು. 1954ರಲ್ಲಿ ಶಾಲೆಗಳ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಎಲ್ಲವೂ ಜಾಕಿಯಿಂದಲೇ ಆಯ್ತು ಅನ್ನೋದು ತಪ್ಪು. ಆದರೆ ಕೋರ್ಟು, ಸರ್ಕಾರಕ್ಕಿಂತ ಮುಂಚೆ ದಿನಾ ಮಧ್ಯಾಹ್ನ ರೇಡಿಯೋ ಕೇಳುವ ಕೋಟ್ಯಂತರ ಜನರ ಕಿವಿಗೆ ಆ ಬದಲಾವಣೆ ಬಿದ್ದದ್ದು ಈ ಆಟದ ಮೂಲಕ.

ಅದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಒಳ್ಳೆ ಆಟಗಾರರೆಲ್ಲ ದೊಡ್ಡ ಲೀಗಿಗೆ ಹೋದರು, ನೋಡೋ ಜನವೂ ಅವರ ಹಿಂದೆ ಹೋಯ್ತು. 1948ರ ಹಂಗಾಮು ಮುಗೀತಲೂ ನೀಗ್ರೋ ನ್ಯಾಷನಲ್ ಲೀಗ್ ಮುಚ್ಚಿತು. ನ್ಯೂವಾರ್ಕ್ ಈಗಲ್ಸ್ ತಂಡದ ಒಡತಿ ಎಫಾ ಮ್ಯಾನ್ಲಿ, ನಮ್ಮ ಆಟಗಾರರನ್ನು ಒಯ್ಯುವಾಗ ನಮಗೆ ಹಣ ಕೊಡಿ ಅಂತ ಹೋರಾಡಿದಳು. ಆಟಗಾರರು ಒಳಗೆ ಹೋದರು, ಮಾಲೀಕರು, ಮ್ಯಾನೇಜರುಗಳು, ಗುಮಾಸ್ತರು ಹೊರಗೇ ಉಳಿದರು. ಅವರು ಮೈದಾನದ ಬಾಗಿಲು ತೆರೆದರು, ಆಫೀಸಿನ ಬಾಗಿಲು ತೆರೆಯಲಿಲ್ಲ. ಜೋಶ್ ಗಿಬ್ಸನ್ 1947ರ ಜನವರಿಯಲ್ಲಿ, ಜಾಕಿಯ ಮೊದಲ ಪಂದ್ಯಕ್ಕೆ ಮೂರು ತಿಂಗಳು ಮುಂಚೆ, 35ನೇ ವಯಸ್ಸಿಗೆ ತೀರಿಹೋದ. 2024ರ ಮೇ ತಿಂಗಳಲ್ಲಿ ನೀಗ್ರೋ ಲೀಗಿನ ಅಂಕಿಅಂಶಗಳನ್ನು ಮೇಜರ್ ಲೀಗಿನ ದಾಖಲೆಗೆ ಸೇರಿಸಿದಾಗ, ಇಡೀ ಚರಿತ್ರೆಯಲ್ಲೇ ಅತಿ ಹೆಚ್ಚು ಬ್ಯಾಟಿಂಗ್ ಸರಾಸರಿ ಗಿಬ್ಸನ್‌ದು ಅಂತ ಬಂತು, .372. ಸತ್ತು 77 ವರ್ಷ ಆದಮೇಲೆ ನ್ಯಾಯ!

ಆಟ ಬಿಟ್ಟ ಮೇಲೆ ಜಾಕಿ ಏನು ಮಾಡಿದ ಅನ್ನೋದು ಏಪ್ರಿಲ್ 15ರ ಭಾಷಣಗಳಲ್ಲಿ ಕಡಿಮೆ. ಎನ್‌ಎಎಸಿಪಿ ಸಂಘಟನೆಗೆ ಊರೂರು ಸುತ್ತಿ ಹಣ ಎತ್ತಿದ. ಪತ್ರಿಕೆಗೆ ಅಂಕಣ ಬರೆದ. 1958ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಕಪ್ಪು ಜನಕ್ಕೆ ತಾಳ್ಮೆ ಇರಲಿ ಅಂದಾಗ, ಇನ್ನೆಷ್ಟು ತಾಳ್ಮೆ ಅಂತ ನೇರವಾಗಿ ಕಾಗದ ಬರೆದ. 1963ರಲ್ಲಿ ವಾಷಿಂಗ್ಟನ್ ಮೆರವಣಿಗೆಗೆ ಮಕ್ಕಳ ಕೈಹಿಡಿದು ಹೋದ. ಹಾರ್ಲೆಮ್‌ನಲ್ಲಿ ಕಪ್ಪು ಜನರದೇ ಫ್ರೀಡಂ ನ್ಯಾಷನಲ್ ಬ್ಯಾಂಕ್ ಕಟ್ಟೋದರಲ್ಲಿ ಮುಂದೆ ನಿಂತ. ಯಾಕೆ ಬ್ಯಾಂಕು? ಬಿಳಿಯರ ಬ್ಯಾಂಕು ಸಾಲ ಕೊಡ್ತಿರಲಿಲ್ಲ. ಮತದ ಜೊತೆ ದುಡ್ಡೂ ನಮ್ಮ ಕೈಯಲ್ಲಿರಬೇಕು ಅಂತ ಆತನ ಲೆಕ್ಕ.

1972ರ ಅಕ್ಟೋಬರ್ 15. ಮೊದಲ ಪಂದ್ಯಕ್ಕೆ 25 ವರ್ಷ ಅಂತ ಸಿನ್ಸಿನಾಟಿಯಲ್ಲಿ ವರ್ಲ್ಡ್ ಸೀರೀಸ್ ಪಂದ್ಯಕ್ಕೆ ಕರೆದು ಸನ್ಮಾನ ಮಾಡಿದರು. ಸಕ್ಕರೆ ಕಾಯಿಲೆಯಿಂದ ಕಣ್ಣು ಹೆಚ್ಚುಕಮ್ಮಿ ಹೋಗಿತ್ತು, ಕೂದಲು ಪೂರಾ ಬೆಳ್ಳಗೆ. ಹಿಂದಿನ ವರ್ಷವಷ್ಟೇ ಹಿರಿಮಗ ಅಪಘಾತದಲ್ಲಿ ತೀರಿಹೋಗಿದ್ದ. ಸನ್ಮಾನ ತಗೊಂಡು ಧನ್ಯವಾದ ಹೇಳಿ ಕೂರಬಹುದಿತ್ತು. ಜಾಕಿ ಮೈಕಿನಲ್ಲಿ ಹೇಳಿದ್ದರ ಸಾರ ಇಷ್ಟು: ಸಂತೋಷ, ಆದರೆ ಒಂದು ದಿನ ಕಪ್ಪು ಮನುಷ್ಯನೊಬ್ಬ ಮ್ಯಾನೇಜರ್ ಆಗಿ ನಿಂತದ್ದು ನೋಡಿದರೆ ಇನ್ನೂ ಸಂತೋಷ ಆಗ್ತದೆ. ಒಂಬತ್ತು ದಿನಕ್ಕೆ, ಅಕ್ಟೋಬರ್ 24ರಂದು, ತೀರಿಹೋದ. 53 ವರ್ಷ. ಫ್ರಾಂಕ್ ರಾಬಿನ್ಸನ್ ಮೊದಲ ಕಪ್ಪು ಮ್ಯಾನೇಜರ್ ಆಗಿ ಕ್ಲೀವ್‌ಲ್ಯಾಂಡ್ ತಂಡದ ಜೊತೆ ಮೈದಾನಕ್ಕಿಳಿದದ್ದು 1975ರಲ್ಲಿ. ಅದನ್ನು ನೋಡೋಕೆ ಜಾಕಿ ಇರಲಿಲ್ಲ.

1972ರಲ್ಲೇ ಬಂದ ಆತ್ಮಕತೆಗೆ ಜಾಕಿ ಇಟ್ಟ ಹೆಸರು ‘ಐ ನೆವರ್ ಹ್ಯಾಡ್ ಇಟ್ ಮೇಡ್’. ನಾನು ಗೆದ್ದುಬಿಟ್ಟೆ ಅಂತ ತಿಳೀಬೇಡಿ, ನನಗೆ ದಡ ಸಿಕ್ಕಿಲ್ಲ ಅನ್ನೋ ಅರ್ಥ. ತನಗೆ ರಾಷ್ಟ್ರಗೀತೆಗೆ ಎದ್ದು ನಿಂತು ಹಾಡೋಕೆ ಆಗಲ್ಲ ಅನ್ನೋ ಭಾವವನ್ನು ಅದರಲ್ಲಿ ಬರೆದಿದ್ದಾನೆ. 2016ರಲ್ಲಿ ಫುಟ್‌ಬಾಲ್ ಆಟಗಾರ ಕಾಲಿನ್ ಕೇಪರ್‌ನಿಕ್ ರಾಷ್ಟ್ರಗೀತೆಯ ಹೊತ್ತಿಗೆ ಮಂಡಿಯೂರಿದಾಗ, ಜಾಕಿಯನ್ನು ನೋಡಿ ಕಲಿ, ಆಟದಲ್ಲಿ ಉತ್ತರ ಕೊಡು ಅಂತ ಬುದ್ಧಿ ಹೇಳುವವರಿಗೆ ಜಾಕಿ 44 ವರ್ಷ ಮುಂಚೆಯೇ ಉತ್ತರ ಬರೆದಿಟ್ಟಿದ್ದ.

ಈಗಿನ ಸ್ಥಿತಿ? 1980ರ ದಶಕದ ಆರಂಭದಲ್ಲಿ ಮೇಜರ್ ಲೀಗಿನ ಆಟಗಾರರಲ್ಲಿ ಶೇ 18ರಷ್ಟು ಕಪ್ಪು ಅಮೆರಿಕನ್ನರಿದ್ದರು. 2024ರಲ್ಲಿ ಶೇ 6ರ ಆಸುಪಾಸು. 2022ರ ವರ್ಲ್ಡ್ ಸೀರೀಸಿನ ಎರಡೂ ತಂಡಗಳಲ್ಲಿ ಅಮೆರಿಕದಲ್ಲಿ ಹುಟ್ಟಿದ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. 1950ರ ಮೇಲೆ ಹಾಗಾದದ್ದು ಅದೇ ಮೊದಲು. ಮಕ್ಕಳ ಬೇಸ್‌ಬಾಲ್ ಈಗ ದುಡ್ಡಿದ್ದವರ ಆಟ. ಖಾಸಗಿ ಕೋಚಿಂಗು, ಊರೂರು ಸುತ್ತುವ ತಂಡದ ಫೀಸು, ಸಾಮಾನು. ಬಣ್ಣದ ಬೋರ್ಡು ಈಗ ಇಲ್ಲ, ಫೀಸಿನ ಬೋರ್ಡು ಇದೆ. 2025ರ ಮಾರ್ಚಿನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಜಾಕಿಯ ಸೇನಾ ಸೇವೆಯ ಬಗ್ಗೆ ಇದ್ದ ಬರಹವನ್ನೇ ತನ್ನ ಜಾಲತಾಣದಿಂದ ತೆಗೆದುಹಾಕಿತು. ಜನ ಗಲಾಟೆ ಮಾಡಿದ ಮೇಲೆ ವಾಪಸ್ ಹಾಕಿದರು. ಒಂದು ಕಡೆ ಎಲ್ಲರ ಬೆನ್ನ ಮೇಲೂ 42, ಇನ್ನೊಂದು ಕಡೆ ಹೆಸರನ್ನೇ ಅಳಿಸೋದು.

ನಮ್ಮಲ್ಲಿ? ಪಲ್ವಂಕರ್ ಬಾಲೂ ಹೆಸರು ಎಷ್ಟು ಜನ ಕೇಳಿದ್ದೀರಿ? ನಮ್ಮ ಧಾರವಾಡದಲ್ಲಿ ಹುಟ್ಟಿದವರು, ಚಮ್ಮಾರ ಸಮುದಾಯದವರು. ಜಾಕಿ ಹುಟ್ಟೋಕೂ ಮುಂಚೆ, 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಭಾರತ ತಂಡಕ್ಕೆ 114 ವಿಕೆಟ್ ತೆಗೆದ ಎಡಗೈ ಸ್ಪಿನ್ನರ್. ಪುಣೆಯಲ್ಲಿ ಚೆಂಡು ಮಾತ್ರ ಎಲ್ಲರೂ ಮುಟ್ಟೋದು. ಟೀ ಸಮಯಕ್ಕೆ ಬಾಲೂಗೆ ಪೆವಿಲಿಯನ್ ಹೊರಗೆ, ಬಿಸಾಡುವ ಮಣ್ಣಿನ ಲೋಟದಲ್ಲಿ ಟೀ. ಹಿಂದೂಗಳ ತಂಡದ ನಾಯಕತ್ವ ಅವರಿಗೆ ಕೊಡಲಿಲ್ಲ. ಬಹಳ ಒತ್ತಾಯದ ಮೇಲೆ ತಮ್ಮ ವಿಠ್ಠಲನಿಗೆ 1923ರಲ್ಲಿ ಸಿಕ್ಕಿತು. ಬಾಲೂ ಮುಂದೆ 1937ರ ಚುನಾವಣೆಯಲ್ಲಿ ಬಾಬಾಸಾಹೇಬರ ವಿರುದ್ಧವೇ ನಿಂತು ಸೋತರು, ಆ ಇತಿಹಾಸವನ್ನೂ ಮುಚ್ಚಿಡಬೇಕಾಗಿಲ್ಲ. ರಾಮಚಂದ್ರ ಗುಹಾ ಬರೆಯೋ ತನಕ ಬಾಲೂ ಹೆಸರು ಹೆಚ್ಚು ಜನಕ್ಕೆ ಗೊತ್ತೇ ಇರಲಿಲ್ಲ. ಅಮೆರಿಕದವರು ಮಾಡಿದ ಅನ್ಯಾಯಕ್ಕೆ ಒಂದು ನಂಬರಾದರೂ ಇಟ್ಟುಕೊಂಡಿದ್ದಾರೆ. ನಾವು ಅನ್ಯಾಯವನ್ನೂ ಮರೆತಿದ್ದೀವಿ, ಆಟಗಾರನನ್ನೂ ಮರೆತಿದ್ದೀವಿ.

ಕೊನೆಗೆ ಒಂದು ಘಟನೆ. ಕಾನ್ಸಾಸ್ ರಾಜ್ಯದ ವಿಚಿಟಾ ಊರಿನಲ್ಲಿ ಬಡಮಕ್ಕಳಿಗೆ ಬೇಸ್‌ಬಾಲ್ ಆಡಿಸೋ ‘ಲೀಗ್ 42’ ಅನ್ನೋ ಸಂಸ್ಥೆ ಇದೆ. ಅವರ ಮೈದಾನದ ಮುಂದೆ ಜಾಕಿಯ ಕಂಚಿನ ಪ್ರತಿಮೆ ಇತ್ತು. 2024ರ ಜನವರಿಯಲ್ಲಿ ಒಂದು ರಾತ್ರಿ ಪಾದದ ಹತ್ತಿರ ಗರಗಸದಲ್ಲಿ ಕೊಯ್ದು ಎತ್ತಿಕೊಂಡು ಹೋದರು. ಬೆಳಗ್ಗೆ ನೋಡಿದರೆ ಪೀಠದ ಮೇಲೆ ಎರಡು ಬೂಟು ಮಾತ್ರ. ಕೆಲವು ದಿನಕ್ಕೆ ಉಳಿದ ಭಾಗ ಸುಟ್ಟ ತುಂಡುಗಳಾಗಿ ಸಿಕ್ಕಿತು. ಗುಜರಿ ದುಡ್ಡಿಗಾಗಿ ಮಾಡಿದ ಕಳ್ಳತನ ಅಂತ ಪೊಲೀಸರು ಹೇಳಿದರು, ಅದನ್ನು ನಾನು ಒಪ್ತೀನಿ. ಆದರೆ 2021ರಲ್ಲಿ ಜಾಕಿ ಹುಟ್ಟಿದ ಜಾಗದ ನಾಮಫಲಕಕ್ಕೆ ಗುಂಡು ಹೊಡೆದವರು ಗುಜರಿಗೆ ಹೊಡೆದದ್ದಲ್ಲ. ವಿಚಿಟಾದಲ್ಲಿ ದೇಶದ ಎಲ್ಲ ಕಡೆಯಿಂದ ಹಣ ಬಂತು, ಆಗಸ್ಟಿನಲ್ಲಿ ಅದೇ ಅಚ್ಚಿನಿಂದ ಹೊಸ ಪ್ರತಿಮೆ ನಿಂತಿತು. ಹಳೆಯ ಬೂಟುಗಳು, ಗುಂಡು ತಾಗಿದ ನಾಮಫಲಕ ಎರಡೂ ಕಾನ್ಸಾಸ್ ಸಿಟಿಯ ನೀಗ್ರೋ ಲೀಗ್ ಮ್ಯೂಸಿಯಂ ಸೇರಿದವು. ಗಾಯವನ್ನು ಮುಚ್ಚದೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸೋದು ನನಗೆ ಸರಿ ಅನ್ನಿಸ್ತು.

ನಾನು ಕೆಲಸ ಮಾಡುವ ಕಡೆ ಪ್ರತಿ ವರ್ಷ ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಫೋಟೋಗೆ ದೊಡ್ಡ ಹಾರ ಬರುತ್ತೆ. ಭಾಷಣ ಆಗುತ್ತೆ, ಸ್ವೀಟು ಹಂಚ್ತಾರೆ. ಅದೇ ಫೋಟೋದ ಕೆಳಗಿನ ಬೀರುವಿನಲ್ಲಿ ಬ್ಯಾಕ್‌ಲಾಗ್ ಹುದ್ದೆಗಳ ಫೈಲು ಇದೆ. ಹಾರ ವರ್ಷಾವರ್ಷ ಹೊಸದು, ಫೈಲು ಅದೇ ಹಳೇದು. ಹಾರ ಬೇಡ ಅಂತ ನಾನು ಹೇಳಲ್ಲ. ಹಾರವೂ ಹೋರಾಡಿಯೇ ಪಡೆದದ್ದು. ಆದರೆ ಪ್ರತಿಮೆ ನಿಲ್ಲಿಸೋದು, ನಂಬರು ಎತ್ತಿಡೋದು, ಫೋಟೋ ಹಾಕೋದು ಅವರಿಗೆ ಸುಲಭ. ಸತ್ತವರು ಏನೂ ಕೇಳಲ್ಲ. ಜಾಕಿ ಕೊನೆಯ ಸನ್ಮಾನದಲ್ಲೂ ಕೇಳಿದ. ಜಾಕಿಯ ನಿಜವಾದ ಪರಂಪರೆ ಅದು ಅಂತ ನಾನು ತಿಳ್ಕೊಂಡಿದ್ದೀನಿ. ಹಾರ ಕೊರಳಲ್ಲಿರುವಾಗಲೇ, ಮೈಕು ಕೈಯಲ್ಲಿರುವಾಗಲೇ, ಬಾಕಿ ಏನಿದೆ ಅಂತ ಕೇಳೋದು.

ನಿನ್ನೆ ಮೆರವಣಿಗೆಗೆ ಹೋದವರೇ, ಇವತ್ತು 15ನೇ ತಾರೀಕು. ನಿಮ್ಮ ಊರಿನ, ನಿಮ್ಮ ಆಫೀಸಿನ, ನಿಮ್ಮ ಶಾಲೆಯ ಬಾಕಿ ಏನಿದೆ ಅಂತ ಒಂದು ಅರ್ಜಿ ಬರೀರಿ. ಬರೆಯೋಕೆ ಬರದವರು ನನಗೆ ಹೇಳಿ, ಗುಮಾಸ್ತನ ಕೆಲಸ ಮಾಡೋ ಕೈ ಇದು, ಅರ್ಜಿ ಬರೆದುಕೊಡೋದು ಕಷ್ಟವಲ್ಲ.

ಜೈಭೀಮ್.